ಮೂರನೆಯ ತುಂಡು

"ಓಮಔಸೇಪ್ ಅಂತ ಹೆಸರು ನಿಮ್ಮವರಲ್ಲಿ ಉಂಟಾ ಸಾಲಿ?"

ವಕೀಲೆ ಕಮಲಾವತಿಯ ಪ್ರಶ್ನೆಗೆ ಸಾಲಿ ತಲೆಯೆತ್ತಿದಳು. ಬೆಳಗಿನಿಂದ ಅತ್ತು ಅವಳ ಮೂಗು ಕೆಂಪೇರಿತ್ತು.

"ಇಲ್ಲ ಮೇಡಂ. ಅಂಥ ಹೆಸರು ನಾನು ಕೇಳಿದ್ದೇ ಇಲ್ಲ."

"ಮತ್ತೆ ಇಲ್ಲಿ ಎಂತಕ್ಕೆ ಉಂಟು?"

ಕಮಲಾವತಿ ಅಚ್ಚಾದ ಕಾಗದವನ್ನು ಮೇಜಿನ ಮೇಲೆ ಹರಡಿ ಆ ಹೆಸರಿನ ಮೇಲೆ ಬೆರಳಿಟ್ಟಳು. ಸಾಲಿಯ ಕುರ್ಚಿಯ ಹಿಂದೆ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಕತ್ತು ಚಾಚಿ ನೋಡಿ, ಬೇಸರದಿಂದ ಹಿಂದೆ ಸರಿದ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಅವನಿಗೆ ಪುತ್ತೂರಿನ ಸೆಕೆಯೇ ಒಂದು ಕೇಸು, ಉಳಿದದ್ದೆಲ್ಲ ಅದರ ಮೇಲಿನ ಹೊರೆ.

"ಕೇರಳದಿಂದ ಬಂದೋರ ಹೆಸರು ಯಾರಿಗೆ ಗೊತ್ತಾಗುತ್ತೆ ಮೇಡಂ? ಏನೋ ಒಂದು ಇಟ್ಕೊಂಡಿರ್ತಾರೆ. ನೀವು ಕೋರ್ಟಿಗೆ ಹೊರಡಿ, ನಾನು ಈ ಹುಡುಗೀನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀನಿ."

"ಕೋರ್ಟು ಕೂತುಕೊಳ್ಳಲಿಕ್ಕೆ ಇನ್ನೂ ಹೊತ್ತುಂಟು. ಅಲ್ಲಿವರೆಗೆ ನನ್ನ ಕಕ್ಷಿಗಾರ್ತಿಯನ್ನು ಮುಟ್ಟಬೇಡಿ."

ಹಾಗೆಂದಳೇ ಹೊರತು ಕಮಲಾವತಿಗೆ ಒಳಗೆ ಧೈರ್ಯವಿರಲಿಲ್ಲ. ಅವಳು ಕೂತಲ್ಲಿ ಕೂರಲಾರದೆ ಕಿಟಕಿಗೂ ಮೇಜಿಗೂ ನಡುವೆ ಶತಪಥ ಹಾಕತೊಡಗಿದಳು. ಬಸ್ ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಹೈದರ್ ತೆರೆದಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ಹಾಗೆ ಓಡಾಡಲು ಜಾಗವೂ ಇರಲಿಲ್ಲ. ದುಬೈಯಿಂದ ಬರುವವರು ಟೇಪ್ ರೆಕಾರ್ಡರ್ ತಂದರೆ ಈ ಮಹಾಶಯ ಕಂಪ್ಯೂಟರ್ ತಂದಿದ್ದ. ಊರು ನಕ್ಕಿತ್ತು. ಡಾಕ್ಟರ್ ಕುಕ್ಕಪ್ಪ ಮಾತ್ರ ನಕ್ಕಿರಲಿಲ್ಲ.

ಕಡಬದ ಬೆಟ್ಟದ ಮೇಲೆ ಆಸಿಡ್ ಹಾಕಿ ರಬ್ಬರ್ ಹಾಲು ಹೆಪ್ಪುಗಟ್ಟಿಸುವ ಜೋಣಿಯ ಶೆಡ್ಡು ಶುರುವಾದ ಮೇಲೆ ಕೆಳಗಿನ ಮನೆಗಳ ಬಾವಿ ನೀರು ನಾರತೊಡಗಿತ್ತು, ಜನ ಕಾಯಿಲೆ ಬಿದ್ದಿದ್ದರು. ಡಾಕ್ಟರ್ ಕುಕ್ಕಪ್ಪ ಮನೆಮನೆ ಹತ್ತಿ, ಯಾರ ಬಾವಿ ಹೇಗಿದೆ, ಯಾರಿಗೆ ಏನಾಗಿದೆ ಎಂದು ವಿಚಾರಿಸಿ, ಅದನ್ನೆಲ್ಲ ಹೈದರನ ಯಂತ್ರದಲ್ಲಿ, ಅಲ್ಲಿ ಕೆಲಸಕ್ಕಿದ್ದ ಸಾಲಿಯಿಂದ ಟೈಪ್ ಮಾಡಿಸಿದ್ದರು. ಆಮೇಲೆ ಒಂದು ದಿನ ಬೆಳ್ಳಾರೆಯ ತಿರುವಿನಲ್ಲಿ ಅವರ ಬೈಕು ಚರಂಡಿಯಲ್ಲಿ ಸಿಕ್ಕಿತು. ಬೈಕು ಜಾರಿ ಸತ್ತರು ಎಂದು ಪೊಲೀಸರು ಬರೆದುಕೊಂಡರು. ಆ ಚರಂಡಿಯಲ್ಲಿ ಹೆಕ್ಕಿದ ಹಳದಿ ಗಾಜಿನ ಚೂರೊಂದು ಇವತ್ತಿಗೂ ಕಮಲಾವತಿಯ ಬ್ಯಾಗಿನಲ್ಲಿ, ಕರವಸ್ತ್ರದ ಗಂಟಿನೊಳಗೆ ಇತ್ತು. ಬೈಕಿನ ದೀಪದ ಗಾಜಾದರೋ ಬಿಳಿ.

ಸಾಯುವ ಮೊದಲೇ ಡಾಕ್ಟರಿಗೆ ಏನೋ ವಾಸನೆ ಬಡಿದಿರಬೇಕು. ಇಡೀ ಫೈಲನ್ನು ತುಂಡು ಮಾಡಿ, ತುಂಡಿಗೊಂದು ಫ್ಲಾಪಿಯಂತೆ ಬೇರೆ ಬೇರೆ ಮನೆಗಳಲ್ಲಿ ಇಡಿಸಿ, ಯಂತ್ರದೊಳಗಿದ್ದ ಮೂಲವನ್ನು ತಾವೇ ಅಳಿಸಿಬಿಟ್ಟಿದ್ದರು. ಮೊದಲನೆಯದು ಹೈದರನ ಕಪಾಟಿನಲ್ಲಿ. ಎರಡನೆಯದು ಬೆಳ್ಳಾರೆಯ ರುಖಿಯಮ್ಮನ ಅಕ್ಕಿ ಡಬ್ಬದಲ್ಲಿ. ಮೂರನೆಯದು ಕಡಬದ ಇಡಿಕುಳರ ಮನೆಯಲ್ಲಿ. ಕೊನೆಯದು ಮರ್ಕಂಜದ ಶಾಲೆಯಲ್ಲಿ. ಶೆಡ್ಡಿನ ಮೇಲೆ ಹಾಕಿದ ಕೇಸು ಇವತ್ತು ಕೋರ್ಟಿಗೆ ಬರುವುದಿತ್ತು; ಅದಕ್ಕೆಂದು ನಿನ್ನೆ ಎಲ್ಲವನ್ನೂ ತಂದು ಜೋಡಿಸಿ ಅಚ್ಚು ಹಾಕಿದಾಗ ಶೆಡ್ಡಿನ ಕೆಳಗಿನ ಬಾವಿಗಳೆಲ್ಲ ಗಂಗಾಜಲವಾಗಿದ್ದವು! ಕಾಯಿಲೆ ಬಿದ್ದವರೆಲ್ಲ ಗಟ್ಟಿಮುಟ್ಟಾಗಿದ್ದರು. ಯಾರೋ ಕೈಯಾಡಿಸಿದ್ದರು.

ಆ ಬಾವಿಗಳಿದ್ದದ್ದು ಮೂರನೆಯ ತುಂಡಿನಲ್ಲಿ. ಇಡಿಕುಳರ ಕಿರಿ ಮಗಳೇ ಸಾಲಿ. ಟೈಪ್ ಬಲ್ಲವಳೂ ಅವಳೇ, ಸೆಂಟರಿನ ಬೀಗದ ಕೈ ಇದ್ದದ್ದೂ ಅವಳ ಹತ್ತಿರವೇ. ಸಾಕ್ಷ್ಯ ತಿದ್ದಿದವಳು ಇವಳೇ ಎನ್ನಲು ಇನ್‌ಸ್ಪೆಕ್ಟರನಿಗೆ ಇಷ್ಟು ಸಾಕಾಗಿತ್ತು. ಒಮ್ಮೆ ಸ್ಟೇಷನ್ನಿನ ಮೆಟ್ಟಿಲು ಹತ್ತಿದ ಹುಡುಗಿಯ ಬಗ್ಗೆ ಊರು ಏನು ಮಾತಾಡುತ್ತದೆ ಎಂಬುದು ಕಮಲಾವತಿಗೆ ಗೊತ್ತಿತ್ತು. ಆಮೇಲೆ ಯಾವ ಕೋರ್ಟು ಬಿಡುಗಡೆ ಮಾಡಿದರೂ ಊರು ಬಿಡುಗಡೆ ಮಾಡುವುದಿಲ್ಲ.

"ಹೈದರ್, ಯಂತ್ರ ಶುರು ಮಾಡು. ಎರಡನೇ ಫ್ಲಾಪಿ ನೋಡ್ಬೇಕು ನನಗೆ."

ಹೈದರ್ ಗುಂಡಿ ಒತ್ತಿದ. ಫ್ಯಾನು ಗುಂಯ್‌ಗುಟ್ಟಿತು. ಕರಿ ಪರದೆಯ ಮೇಲೆ ಹಸಿರು ಅಕ್ಷರಗಳ ಸಾಲೊಂದು ಮೂಡಿ ಏನನ್ನೋ ಕೇಳುತ್ತಾ ಮಿಣುಕಿತು.

"ಎಂತ ಕೇಳುದು ಅದು?"

"ಇವತ್ತು ತಾರೀಕು ಎಷ್ಟು ಅಂತ. ಆಫ್ ಮಾಡಿದ್ರೆ ಇದಕ್ಕೆ ಎಲ್ಲ ಮರ್ತು ಹೋಗ್ತದೆ ಕಮಲಕ್ಕ. ಪ್ರತಿ ಸಲ ಕೇಳ್ತದೆ." ಹೈದರ್ ಉತ್ತರ ಕೊಡುವ ಗೋಜಿಗೆ ಹೋಗದೆ ಎಂಟರ್ ಕೀಲಿಯನ್ನು ಟಪ್ಪೆಂದು ಕುಟ್ಟಿದ. ಗಂಟೆ ಎಷ್ಟೆಂದು ಕೇಳಿತು. ಮತ್ತೊಮ್ಮೆ ಟಪ್ಪ್. "ಇದಕ್ಕೆ ತಾರೀಕು ಹೇಳಿ ನಮಗೆ ಎಂತ ಆಗ್ಲಿಕ್ಕುಂಟು?"

ರುಖಿಯಮ್ಮನ ಫ್ಲಾಪಿಗೆ ಇನ್ನೂ ಅಕ್ಕಿಯ ಧೂಳು ಮೆತ್ತಿತ್ತು. ಹೈದರ್ ಅದನ್ನು ಅಂಗಿಗೆ ಒರಸಿ ಒಳಗೆ ತಳ್ಳಿದ.

"ಈ ತುಂಡು ಮಾಡುದು ಹೇಗೆ, ನನಗೆ ಸರಿಯಾಗಿ ಹೇಳು ನೋಡುವಾ."

"ಅದು ಸುಲಭ ಅಕ್ಕ. ದೊಡ್ಡ ಫೈಲು ಒಂದು ಫ್ಲಾಪಿಯಲ್ಲಿ ಹಿಡಿಯುದಿಲ್ಲ. ಅದಕ್ಕೆ ಇಲ್ಲಿ ಸ್ಪ್ಲಿಟ್ ಅಂತ ಬರೀಬೇಕು, ಮುಂದೆ ಫೈಲಿನ ಹೆಸರು, ಮತ್ತೆ ಎಷ್ಟು ದೊಡ್ಡ ತುಂಡು ಬೇಕು ಅಂತ. ಒಂದೇ ಸಾಲು. ಎಂಟರ್ ಕೊಟ್ರೆ ಮುಗೀತು. ಜೋಡಿಸುದು ಮತ್ತೂ ಸುಲಭ. ಕಾಪಿ ಅಂತ ಬರೆದು, ತುಂಡುಗಳ ಹೆಸರನ್ನು ಕೂಡಿಸುವ ಚಿಹ್ನೆ ಹಾಕಿ ಸಾಲಾಗಿ ಕೊಟ್ರೆ ಆಯ್ತು."

"ತುಂಡು ಎಲ್ಲಿ ಆಗ್ತದೆ? ಸಾಲು ಮುಗಿದಲ್ಲಿಯಾ?"

"ಇದಕ್ಕೆ ಸಾಲೂ ಗೊತ್ತಿಲ್ಲ, ಮನೆಯೂ ಗೊತ್ತಿಲ್ಲ. ಅಳತೆ ತುಂಬಿದಲ್ಲಿ ಕಚಕ್. ಹೆಸರಿನ ನಡುವೆ ಆದ್ರೂ ಸೈ."

ಕಮಲಾವತಿ ನಡೆಯುವುದನ್ನು ನಿಲ್ಲಿಸಿದಳು.

"ಎರಡನೇದರ ಕೊನೆ ತೋರಿಸು."

ಸಾಲುಗಳು ಸರಸರನೆ ಮೇಲಕ್ಕೆ ಓಡಿ ಗಕ್ಕನೆ ನಿಂತವು. ಡಾಕ್ಟರು ಒಂದೊಂದು ಮನೆಗೂ ಮೊದಲು ಯಜಮಾನನ ಹೆಸರು ಹಾಕಿಸಿ, ಅದರ ಕೆಳಗೆ ಮನೆಯವರನ್ನು ಒಬ್ಬೊಬ್ಬರಾಗಿ ಬರೆಸಿದ್ದರು. ಕಟ್ಟಕಡೆಯ ಮನೆ ಇಡಿಕುಳರದ್ದು. ಇಡಿಕುಳ. ಅವರ ಹೆಂಡತಿ ರಾಹೇಲ್. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ "ಓಮ" ಎಂದಷ್ಟೇ ಇತ್ತು. ಮುಂದೆ ಏನೂ ಇರಲಿಲ್ಲ.

"ಈಗ ಮೂರನೇದರ ಶುರು."

ಫ್ಲಾಪಿ ಬದಲಾಯಿತು. ಮೂರನೆಯ ತುಂಡು ಶಾಲೆಗೆ ಹೊರಟ ಮಗುವಿನ ಹಾಗೆ ಅಚ್ಚುಕಟ್ಟಾಗಿ, ಹೊಸ ಮನೆಯಿಂದ, ಹೊಸ ಸಾಲಿನಿಂದ ಶುರುವಾಗಿತ್ತು. ಆ ಮನೆಯ ಯಜಮಾನ ಔಸೇಪ್.

"ಓಮಔಸೇಪ್!" ಕಮಲಾವತಿ ಮೇಜಿಗೆ ಕೈ ಬಡಿದಳು. "ಹಿಂದಿನ ತುಂಡಿನ ಬಾಲಕ್ಕೆ ಮುಂದಿನ ತುಂಡಿನ ತಲೆ ಅಂಟಿಕೊಂಡದ್ದು. ಸಾಹೇಬ್ರೇ, ಎರಡನೇದನ್ನು ಯಂತ್ರ ಕಡಿದದ್ದು. ಮೂರನೇದನ್ನು ಯಂತ್ರ ಕಡಿದೇ ಇಲ್ಲ, ಮನುಷ್ಯರು ಕೂತು ತಿದ್ದಿ ಬರೆದದ್ದು."

ಹೈದರ್ ಇನ್ನೊಂದು ಆಜ್ಞೆ ಬರೆದು ತುಂಡುಗಳ ಅಳತೆ ನೋಡಿದ. ಮೊದಲೆರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆ. ಮೂರನೆಯದು ಅವಕ್ಕಿಂತ ಕಿರಿದು. ಕೊನೆಯ ತುಂಡು ಕಿರಿದಾಗುವುದು ಸಹಜ, ನಡುವಿನದು ಆಗಬಾರದು.

"ಸುಳ್ಳು ತುಂಡು ಅಂತ ನಾನೂ ಹೇಳ್ತಿರೋದು," ಎಂದ ಇನ್‌ಸ್ಪೆಕ್ಟರ್. ಅವನ ದನಿಗೆ ಈಗ ಜೀವ ಬಂದಿತ್ತು. "ಆ ತುಂಡು ಇದ್ದಿದ್ದು ಯಾರ ಮನೇಲಿ ನೋಡಿ. ಇಡಿಕುಳನ ಮನೇಲಿ. ಅವನ ಮಗಳೇ ತಾನೇ ಇವಳು? ನೀವೇ ಕೈಯಾರೆ ಹಿಡಿದುಕೊಟ್ರಿ, ಥ್ಯಾಂಕ್ಸ್."

ಬಿಡಿಸಲು ಹೋಗಿ ಬಿಗಿದ ಹಾಗಾಗಿತ್ತು. ಕಮಲಾವತಿ ಸಾಲಿಯತ್ತ ತಿರುಗಿದಳು. ಹುಡುಗಿ ಅಳುವುದನ್ನು ನಿಲ್ಲಿಸಿದ್ದಳು. ಪರದೆಯನ್ನೇ ನೋಡುತ್ತಾ, ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಇದು ಸಿಕ್ಕಿಬಿದ್ದವಳ ಭಯವಲ್ಲ ಎಂದು ಕಮಲಾವತಿಗೆ ಅನ್ನಿಸಿತು. ಬೇರೆ ಯಾವುದೋ ಭಯ.

ಆದರೆ ಅದನ್ನು ಕೆದಕಲು ಹೊತ್ತಿರಲಿಲ್ಲ. ಕಮಲಾವತಿ ಮತ್ತೆ ಪರದೆಗೆ ಕಣ್ಣು ನೆಟ್ಟಳು. ಪ್ರತಿ ತುಂಡಿನ ಹೆಸರಿನ ಮುಂದೆ ಅದರ ಅಳತೆ, ಅದರಾಚೆ ಒಂದು ತಾರೀಕು. ಒಂದೊಂದಾಗಿ ಫ್ಲಾಪಿ ಹಾಕಿಸಿ ನೋಡಿದಳು. ಉಳಿದ ಮೂರು ತುಂಡುಗಳ ಮೇಲೆ ಡಾಕ್ಟರು ಕೆಲಸ ಮಾಡಿದ ದಿನವೇ ಇತ್ತು. ಮೂರನೆಯ ತುಂಡಿನ ಮುಂದೆ ಮಾತ್ರ ಸಾವಿರದ ಒಂಬೈನೂರ ಎಂಬತ್ತರ ಜನವರಿ ಒಂದು.

"ಎಂಬತ್ತರಲ್ಲಿ ಪುತ್ತೂರಿನಲ್ಲಿ ಕಂಪ್ಯೂಟರ್ ಇತ್ತಾ ಹೈದರ್?"

"ಎಂಬತ್ತರಲ್ಲಿ ನನಗೇ ಪಾಸ್‌ಪೋರ್ಟ್ ಆಗಿರ್ಲಿಲ್ಲ ಅಕ್ಕ." ಹೈದರ್ ನಕ್ಕ. ನಗು ಅರ್ಧಕ್ಕೇ ನಿಂತಿತು.

"ತಾರೀಕು ಹೇಳದೆ ಎಂಟರ್ ಕುಟ್ಟಿದ್ರೆ ಯಂತ್ರ ಎಂತ ಮಾಡ್ತದೆ?"

"ಅದು... ಅದು ತಯಾರಾಗುವಾಗ ಕೊಟ್ಟ ತಾರೀಕನ್ನೇ ಇಟ್ಟುಕೊಳ್ತದೆ."

"ಎಂಬತ್ತರ ಜನವರಿ ಒಂದು."

"ಹೌದು."

"ಸಾಲಿ ಯಂತ್ರ ಶುರು ಮಾಡಿದ ದಿನ ಟೈಪ್ ಮಾಡಿದ ಫೈಲು ಯಾವುದಾದ್ರೂ ತೋರಿಸು."

ಒಂದಲ್ಲ, ಹತ್ತಾರು ಇದ್ದವು. ಮದುವೆ ಕಾಗದ, ಕಾಲೇಜಿನ ವರದಿ, ಅಡಿಕೆ ವ್ಯಾಪಾರಿಯ ಪತ್ರ. ಒಂದೊಂದರ ಮುಂದೆಯೂ ಸರಿಯಾದ ತಾರೀಕು. ಒಂದಾದರೂ ತಪ್ಪಿರಲಿಲ್ಲ.

"ಸುಳ್ಳು ತುಂಡು ಹುಟ್ಟಿದ ದಿನ ಈ ಯಂತ್ರ ಶುರು ಮಾಡಿದ್ದು ಸಾಲಿ ಅಲ್ಲ, ನೀನು."

ಇನ್‌ಸ್ಪೆಕ್ಟರ್ ಕುರ್ಚಿಯ ಬೆನ್ನು ಬಿಟ್ಟು ಹೈದರನ ಹತ್ತಿರ ಬಂದ.

"ಅಲ್ಲಾಹನಾಣೆ ಕಮಲಕ್ಕ, ನಾನು ಎಂತದೂ ಮಾಡ್ಲಿಲ್ಲ! ಡಾಕ್ಟರು ನನ್ನ ಪಾಲಿಗೆ ಎಂಥವರು ಅಂತ ನಿಮಗೆ ಗೊತ್ತುಂಟು."

"ನೀನು ಟೈಪ್ ಮಾಡಿದೆ ಅಂತ ನಾನು ಹೇಳ್ಲಿಲ್ಲ ಮಾರಾಯ. ಟೈಪ್ ಮಾಡಿದವರು ಜನಗಣತಿಗೆ ಹೋಗಿ ಅಭ್ಯಾಸ ಇದ್ದವರು. ಒಂದು ಮನೆಯನ್ನು ಅರ್ಧಕ್ಕೆ ಬಿಡಬಾರದು, ಹೊಸ ಹಾಳೆ ಹೊಸ ಮನೆಯಿಂದಲೇ ಶುರು ಆಗ್ಬೇಕು ಅಂತ ಅವರ ಕೈಗೆ ರೂಢಿಯಾಗಿದೆ. ಹಿಂದಿನ ತುಂಡಿನಲ್ಲಿ ಇಡಿಕುಳರ ಮನೆ ಪೂರ್ತಿ ಮುಗಿದಿದೆ ಅಂತಲೇ ತಿಳಿದುಕೊಂಡ್ರು. ಯಂತ್ರಕ್ಕೆ ಅಷ್ಟು ಮರ್ಯಾದೆ ಇಲ್ಲ ಅಂತ ಅವರಿಗೆ ಗೊತ್ತಾಗ್ಲಿಲ್ಲ. ಜನಗಣತಿಗೆ ಹೋಗುದು ಯಾರು? ಶಾಲೆ ಟೀಚರುಗಳು. ಯಾವ ಟೀಚರಿಗೆ ನೀನು ಯಂತ್ರ ಶುರು ಮಾಡಿ ಕೊಟ್ಟದ್ದು, ಹೇಳು."

ಹೈದರ್ ಸಾಲಿಯ ಮುಖ ನೋಡಿದ. ಸಾಲಿ ಬೇಡವೆಂಬಂತೆ ತಲೆಯಾಡಿಸಿದಳು. ಅವನು ಅದನ್ನು ಕಂಡನೋ ಇಲ್ಲವೋ.

"ಅವತ್ತು ಶುಕ್ರವಾರ. ಸಾಲಿ ರಜೆ ಹಾಕಿ ಟೈಪಿಂಗ್ ಪರೀಕ್ಷೆಗೆ ಮಂಗಳೂರಿಗೆ ಹೋಗಿದ್ಳು. ಅವಳ ಅಕ್ಕ ಬಂದ್ರು, ಓಮನ ಟೀಚರ್. ನನಗೂ ಸ್ವಲ್ಪ ಕಂಪ್ಯೂಟರ್ ಕಲೀಬೇಕು, ತಂಗಿಗೆ ಹೇಳ್ಬೇಡಿ, ಅವಳು ನಗಾಡ್ತಾಳೆ ಅಂದ್ರು. ಟೈಪಿಂಗ್ ಅವರಿಗೆ ಮೊದಲೇ ಬರ್ತಿತ್ತು. ನಾನು ಶುರು ಮಾಡಿ ಕೊಟ್ಟು ಜುಮ್ಮಾ ನಮಾಜಿಗೆ ಹೋದೆ. ಬರುವಾಗ ಅವರು ಹೋಗಿ ಆಗಿತ್ತು. ಮಾತು ಕೊಟ್ಟಿದ್ದೆ ಅಕ್ಕ, ಅದಕ್ಕೆ ಯಾರತ್ರವೂ ಹೇಳ್ಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಉಂಟು ಅಂತ ನನ್ನ ತಲೆಗೇ ಹೋಗ್ಲಿಲ್ಲ."

"ಸುಳ್ಳು!"

ಸಾಲಿ ಎದ್ದು ನಿಂತಿದ್ದಳು. ಕುರ್ಚಿ ಹಿಂದಕ್ಕೆ ಬಿತ್ತು.

"ಓಮನ ಚೇಚಿಗೆ ಕಂಪ್ಯೂಟರ್ ಮುಟ್ಲಿಕ್ಕೂ ಗೊತ್ತಿಲ್ಲ. ಮಾಡಿದ್ದು ನಾನು. ಭಾನುವಾರ ಬಂದು, ಬೀಗ ತೆಗೆದು, ನಾನೇ ಕೂತು ಮಾಡಿದ್ದು. ಬರ್ಕೊಳ್ಳಿ ಸಾರ್. ನನ್ನನ್ನು ಕರ್ಕೊಂಡು ಹೋಗಿ."

ಇನ್‌ಸ್ಪೆಕ್ಟರ್ ಗೆದ್ದವನ ಹಾಗೆ ಕಮಲಾವತಿಯನ್ನು ನೋಡಿದ. ಕಮಲಾವತಿಗೆ ಹುಡುಗಿಯ ಕೆನ್ನೆಗೆ ಬಾರಿಸಬೇಕು ಎನ್ನುವಷ್ಟು ಸಿಟ್ಟು ಬಂತು, ಅದರ ಬೆನ್ನಿಗೇ ಅಪ್ಪಿಕೊಳ್ಳಬೇಕು ಎನ್ನುವಷ್ಟು ಸಂಕಟವೂ ಬಂತು. ಓಮನಳ ಮದುವೆ ಮುಂದಿನ ತಿಂಗಳು. ವರ ಬೇರೆ ಯಾರೂ ಅಲ್ಲ, ಶೆಡ್ಡಿನ ಯಜಮಾನ ಜೋಣಿಯೇ. ಅಕ್ಕನ ಮದುವೆ ಉಳಿಸಲು ತಂಗಿ ಜೈಲಿಗೆ ಹೊರಟಿದ್ದಳು.

"ಆಯ್ತು," ಎಂದಳು ಕಮಲಾವತಿ. "ನೀನೇ ಮಾಡಿದ್ದಾದ್ರೆ ಹೇಗೆ ಮಾಡಿದೆ ಅಂತ ಸಾಹೇಬ್ರಿಗೆ ತೋರಿಸು. ಹೈದರ್, ಯಂತ್ರ ಆಫ್ ಮಾಡು."

ಸಾಲಿ ಕಣ್ಣೊರಸಿಕೊಂಡು ಯಂತ್ರದ ಮುಂದೆ ಕೂತಳು. ಗುಂಡಿ ಒತ್ತಿದಳು. ಫ್ಯಾನು ಗುಂಯ್‌ಗುಟ್ಟಿತು. ತಾರೀಕು ಎಷ್ಟೆಂದು ಪರದೆ ಕೇಳಿತು. ಸಾಲಿಯ ಬೆರಳುಗಳು ಅವಳನ್ನು ಕೇಳದೆಯೇ ಓಡಿದವು. ಇವತ್ತಿನ ದಿನ, ಇವತ್ತಿನ ತಿಂಗಳು. ವರ್ಷದ ಮೊದಲ ಅಂಕಿಗೆ ಬಂದಾಗ ಅವಳಿಗೆ ಎಚ್ಚರವಾಯಿತು. ಬೆರಳು ಗಾಳಿಯಲ್ಲೇ ನಿಂತಿತು.

ಸಾಲಿ ಕೀಲಿಗಳ ಮೇಲೆಯೇ ತಲೆಯಿಟ್ಟು ಅಳತೊಡಗಿದಳು. ಪರದೆಯ ತುಂಬ ಅರ್ಥವಿಲ್ಲದ ಅಕ್ಷರಗಳು ಸುರಿದವು.

ಇನ್‌ಸ್ಪೆಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಭ್ಯಾಸ ಅಂತೀರಾ? ಇದನ್ನ ನಾನು ಮೇಲಿನವರಿಗೆ ಹೆಂಗೆ ಬರೀಲಿ ಮೇಡಂ? ಅಸಲಿ ತುಂಡು ಎಲ್ಲಿದೆ, ಅದನ್ನ ಹೇಳಿ."

ಉತ್ತರ ಮೆಟ್ಟಿಲು ಹತ್ತಿ ಬಂತು. ಕಡಬದಿಂದ ಬರುವ ಬಸ್ಸಿನ ಕಂಡಕ್ಟರ್ ಕುಂಞಿ ಮೋನು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತ. ಊರಿನ ಅರ್ಧ ಟಪ್ಪಾಲು ಅಂಚೆ ಕಚೇರಿಗೆ ಹೋಗದೆ ಅವನ ಕೈಯಲ್ಲೇ ಓಡಾಡುತ್ತಿತ್ತು. ಡಾಕ್ಟರ ಫ್ಲಾಪಿಗಳನ್ನು ಊರೂರಿಗೆ ಮುಟ್ಟಿಸಿದವರೂ ಇಂಥ ಕಂಡಕ್ಟರುಗಳೇ.

"ಪೊಲೀಸರು ಎಂತಕ್ಕೆ ಮಾರಾಯ್ರೆ ಇಲ್ಲಿ? ಸಾಲಿಗೆ ಒಂದು ಪಾರ್ಸೆಲ್ ಉಂಟು. ಅಕ್ಕ ಕೊಟ್ಟದ್ದು. ಅವಳ ಕೈಯಲ್ಲೇ ಕೊಡ್ಬೇಕಂತೆ."

ಮಲಯಾಳಂ ಪೇಪರಿನಲ್ಲಿ ಸುತ್ತಿದ ಚಪ್ಪಟೆ ಕಟ್ಟು. ಸಾಲಿ ಅದನ್ನು ಬಿಚ್ಚಿದಳು. ಎರಡು ರಟ್ಟಿನ ನಡುವೆ ಒಂದು ಫ್ಲಾಪಿ ಇತ್ತು. ಅದರೊಟ್ಟಿಗೆ ಏನೋ ಜಾರಿ ನೆಲಕ್ಕೆ ಬಿದ್ದು ಉರುಳಿ, ಇನ್‌ಸ್ಪೆಕ್ಟರನ ಬೂಟಿಗೆ ತಾಗಿ ನಿಂತಿತು. ಓಮನಳ ನಿಶ್ಚಿತಾರ್ಥದ ಉಂಗುರ.

ಹೈದರ್ ಫ್ಲಾಪಿಯನ್ನು ಒಳಗೆ ತಳ್ಳಿದ. ಫೈಲಿನ ಮೊದಲಿಗೇ, ಯಾವ ಮನೆಯೂ ಇಲ್ಲದೆ, ಯಾವ ಯಜಮಾನನೂ ಇಲ್ಲದೆ, ಕಡಿದ ಹೆಸರಿನ ಉಳಿದ ಅಕ್ಷರ ಇತ್ತು: ನ. ಅದರ ಮುಂದೆ ವಯಸ್ಸು. ಅದರ ಮುಂದೆ ಡಾಕ್ಟರು ಬರೆದ ಒಂದು ಸಾಲು. ಬಾವಿ ನೀರಿನಿಂದ ಎರಡೂ ಮೂತ್ರಪಿಂಡಗಳಿಗೆ ತೊಂದರೆ, ಮಂಗಳೂರಿಗೆ ತಕ್ಷಣ ಕಳಿಸಬೇಕು.

"ಇದು ನಾನು ಟೈಪ್ ಮಾಡಿದ್ದಲ್ಲ ಮೇಡಂ," ಸಾಲಿಯ ದನಿ ಕೇಳಿಸದಷ್ಟು ಸಣ್ಣದಾಗಿತ್ತು. "ನಿಮ್ಮ ಮನೆಯದ್ದು ನಾನೇ ಟೈಪ್ ಮಾಡ್ತೇನೆ ಅಂತ ಡಾಕ್ಟರು ಹೇಳಿದ್ರು. ಚೇಚಿಗೆ ಹುಷಾರಿಲ್ಲ ಅಂತ ನನಗೆ ಗೊತ್ತೇ ಇಲ್ಲ."

ಕಮಲಾವತಿಗೆ ಈಗ ಎಲ್ಲ ಅರ್ಥವಾಯಿತು. ಓಮನ ಜೋಣಿಯ ಶೆಡ್ಡು ಉಳಿಸಲು ಹೊರಟವಳಲ್ಲ. ಕೋರ್ಟಿನಲ್ಲಿ ತನ್ನ ಕಾಯಿಲೆಯನ್ನು ಗಟ್ಟಿಯಾಗಿ ಓದಿದರೆ ಮದುವೆ ಮುರಿಯುತ್ತದೆ ಎಂದು ಹೆದರಿದವಳು. ಯಾರ ಶೆಡ್ಡಿನ ನೀರು ಅವಳ ಮೈ ಹಾಳು ಮಾಡಿತೋ ಅವನಿಗೇ ಅದು ಗೊತ್ತಾಗಬಾರದೆಂದು ಊರಿನ ಬಾವಿಗಳನ್ನೆಲ್ಲ ಚೊಕ್ಕ ಮಾಡಿ ಬರೆದಿದ್ದಳು. ತನ್ನ ಮನೆಯ ಸಾಲುಗಳನ್ನು ಅಳಿಸಿದರೆ ಸಾಕೆಂದುಕೊಂಡಿದ್ದಳು, ಹೆಸರಿನ ಅರ್ಧ ರುಖಿಯಮ್ಮನ ಫ್ಲಾಪಿಯಲ್ಲಿ ಉಳಿದದ್ದು ಅವಳಿಗೆ ಹೊಳೆದಿರಲಿಲ್ಲ. ತಂಗಿಯ ಮೇಲೆ ಆಪಾದನೆ ಬಂದಾಗ ಮನಸ್ಸು ತಡೆಯದೆ ಅಸಲಿಯನ್ನೂ ಉಂಗುರವನ್ನೂ ಒಟ್ಟಿಗೆ ಕಳಿಸಿದ್ದಳು. ಪಾಪದ ಹುಡುಗಿ.

ಇನ್‌ಸ್ಪೆಕ್ಟರ್ ಬಗ್ಗಿ ಉಂಗುರ ಹೆಕ್ಕಿ ಸಾಲಿಯ ಅಂಗೈಯಲ್ಲಿಟ್ಟ. "ನೀನು ಮನೆಗೆ ಹೋಗಮ್ಮ," ಎಂದ. ಅವನ ದನಿ ಮೊದಲ ಬಾರಿಗೆ ಮೆತ್ತಗಾಗಿತ್ತು.

ಸಾಲಿ ಉಂಗುರವನ್ನು ಮುಷ್ಟಿಯಲ್ಲಿ ಹಿಡಿದು ಕಂಡಕ್ಟರನತ್ತ ತಿರುಗಿದಳು. "ಚೇಚಿ ಎಲ್ಲಿ? ನಿಮ್ಮ ಬಸ್ಸಲ್ಲಿ ಬರ್ಲಿಲ್ವಾ?"

"ಇಲ್ಲಪ್ಪ. ಪಾರ್ಸೆಲ್ ಕೊಟ್ಟು ಹತ್ತುವ ಹಾಗೆ ಮಾಡಿದ್ರು, ಅಷ್ಟೊತ್ತಿಗೆ ಹಿಂದಿನಿಂದ ಜೋಣಿಯ ಜೀಪು ಬಂತು. ಆಗುವ ಗಂಡ ಕರೆದ್ರೆ ಯಾರಾದ್ರೂ ಬಸ್ಸಲ್ಲಿ ಬರ್ತಾರಾ? ಅದರಲ್ಲಿ ಕೂತು ಹೋದ್ರು." ಕುಂಞಿ ಮೋನುವಿಗೆ ಏನೋ ನೆನಪಾಗಿ ನಗು ಬಂತು. "ನಾನು ತಮಾಷೆ ಮಾಡಿದೆ, ನಿಮ್ಮ ಜೀಪಿನ ಒಂದು ಕಣ್ಣು ಎಲ್ಲಿ ಹೋಯ್ತು ಧಣಿ ಅಂತ. ಎಡದ ಬದಿ ಒಂದು ಹಳದಿ ಲೈಟು ಇತ್ತಲ್ಲ, ಅಲ್ಲಿ ಈಗ ಗೋಣಿ ಕಟ್ಟಿದ್ದಾರೆ. ಜೋಣಿ ನಗಾಡ್ಲಿಲ್ಲ."

ಕಮಲಾವತಿಯ ಕೈ ತಾನಾಗಿ ಬ್ಯಾಗಿನೊಳಗೆ ಹೋಯಿತು. ಕರವಸ್ತ್ರದ ಗಂಟು ಬಿಚ್ಚಿ, ಹಳದಿ ಗಾಜಿನ ಚೂರನ್ನು ಇನ್‌ಸ್ಪೆಕ್ಟರನ ಎದುರು ಮೇಜಿನ ಮೇಲಿಟ್ಟಳು.

"ಜೀಪು ಯಾವ ಕಡೆ ಹೋಯ್ತು ಕುಂಞಿ ಮೋನು?"

"ಬೆಳ್ಳಾರೆ ತಿರುವಿನ ಕಡೆಗೆ ವಕೀಲಮ್ಮ. ಟೀಚರ್ ಇಳಿಯುವ ಹಾಗೆ ಬಾಗಿಲಿಗೆ ಕೈ ಹಾಕಿದ್ರು ಅಂತ ಕಂಡಿತು ನನಗೆ. ಅಷ್ಟೊತ್ತಿಗೆ ಜೋಣಿ ಸ್ಪೀಡ್ ತೆಗೆದಾಗಿತ್ತು."